ಪ್ರೊಸೆಸರ್ ವೇಗ ಹೆಚ್ಚಿಸಿದರೆ ಹಳೆಯ ಹೋಮ್ ಕಂಪ್ಯೂಟರ್‌ಗಳ ಗ್ರಾಫಿಕ್ಸ್ ಡೆಮೊ ಚೆನ್ನಾಗಿ ಕಾಣುತ್ತದೆಯೇ?

ಕಂಪ್ಯೂಟರ್ ಅಂಗಡಿಗೆ ಹೋದವರು ಮೊದಲು ಕೇಳುವುದು ಪ್ರೊಸೆಸರ್ ಯಾವುದು, ಎಷ್ಟು ಗಿಗಾಹರ್ಟ್ಸ್ ಎಂದು. ಸಂಖ್ಯೆ ದೊಡ್ಡದಾದಷ್ಟೂ ಪರದೆಯ ಮೇಲಿನ ಚಿತ್ರ ಚೆನ್ನಾಗಿರುತ್ತದೆ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. 1980ರ ದಶಕದ ಹೋಮ್ ಕಂಪ್ಯೂಟರ್‌ಗಳನ್ನೂ ಹಲವರು ಇದೇ ಅಳತೆಗೋಲಿನಿಂದ ಅಳೆಯುತ್ತಾರೆ. ಹಳೆಯ ಯಂತ್ರಗಳ ಹವ್ಯಾಸಿಗಳಂತೂ ಈ ನಂಬಿಕೆಯ ಮೇಲೆ ಹಣವನ್ನೇ ಹೂಡುತ್ತಾರೆ. ಹಳೆಯ ಪ್ರೊಸೆಸರ್‌ನ ಜಾಗದಲ್ಲಿ ವೇಗದ ಪ್ರೊಸೆಸರ್ ಕೂರಿಸುವ ಆಕ್ಸಿಲರೇಟರ್ ಕಾರ್ಡ್‌ಗಳು ಕೆಲವೊಮ್ಮೆ ಮೂಲ ಕಂಪ್ಯೂಟರಿಗಿಂತಲೂ ದುಬಾರಿ. ಅಷ್ಟು ಹಣ ಕೊಟ್ಟರೆ ಡೆಮೊ ನಿಜಕ್ಕೂ ಚೆನ್ನಾಗಿ ಕಾಣುತ್ತದೆಯೇ?

ಚುಟುಕು ಉತ್ತರ: ಕೆಲವು ಡೆಮೊಗಳಲ್ಲಿ ಹೌದು, ಬಹಳಷ್ಟರಲ್ಲಿ ಏನೂ ಬದಲಾಗದು, ಇನ್ನು ಕೆಲವು ಪೂರ್ತಿ ಕೆಟ್ಟುಹೋಗುತ್ತವೆ. ಚಿತ್ರವನ್ನು ಪ್ರೊಸೆಸರ್ ತಾನೇ ಲೆಕ್ಕಹಾಕಿ ಬಿಡಿಸುತ್ತಿದ್ದರೆ ಮಾತ್ರ ವೇಗದಿಂದ ಲಾಭ. ಅದೂ ಮೆಮೊರಿ ಮತ್ತು ಡಿಸ್‌ಪ್ಲೇ ಚಿಪ್ ಒಪ್ಪುವ ಮಟ್ಟದವರೆಗೆ ಮಾತ್ರ. ಹೇಗೆ ಎಂಬುದನ್ನು ವಿವರವಾಗಿ ನೋಡೋಣ.

ಡೆಮೊ ಎಂದರೆ ಏನು?

ಇಲ್ಲಿ ಡೆಮೊ ಎಂದರೆ ಅಂಗಡಿಯಲ್ಲಿ ತೋರಿಸುವ ಮಾದರಿಯಲ್ಲ. ಸಂಗೀತಕ್ಕೆ ಹೊಂದಿಸಿದ ಚಲಿಸುವ ಚಿತ್ರಗಳನ್ನು ಕಂಪ್ಯೂಟರ್ ಸ್ಥಳದಲ್ಲೇ ರಚಿಸಿ ತೋರಿಸುವ ಪುಟ್ಟ ಪ್ರೋಗ್ರಾಮ್ ಅದು. ಮೊದಲೇ ತಯಾರಿಸಿಟ್ಟ ವಿಡಿಯೊ ಅಲ್ಲ, ಆಡುವ ಗೇಮ್ ಕೂಡ ಅಲ್ಲ. ಕಮಡೋರ್ 64, ಝಡ್‌ಎಕ್ಸ್ ಸ್ಪೆಕ್ಟ್ರಮ್, ಅಟಾರಿ ಎಸ್‌ಟಿ, ಅಮಿಗಾದಂಥ ಯಂತ್ರಗಳಲ್ಲಿ ಯುರೋಪಿನ ಹದಿಹರೆಯದವರು ಬೆಳೆಸಿದ ಈ ಕಲೆಗೆ ಡೆಮೊಸೀನ್ ಎಂದು ಹೆಸರು. ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಇದನ್ನು ತಮ್ಮ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡವು. ಹಾಗಾಗಿ ಹಳೆಯ ಡೆಮೊ ಸರಿಯಾದ ವೇಗದಲ್ಲಿ, ಸರಿಯಾದ ರೂಪದಲ್ಲಿ ಕಾಣುತ್ತಿದೆಯೇ ಎಂಬುದು ಬರೀ ಹವ್ಯಾಸಿಗಳ ಜಗಳವಲ್ಲ. ಪರಂಪರೆಯನ್ನು ಉಳಿಸಿಕೊಳ್ಳುವವರಿಗೂ ಅದು ಬೇಕಾದ ವಿಷಯ.

8 ಮೆಗಾಹರ್ಟ್ಸ್ ಎದುರು 7 ಮೆಗಾಹರ್ಟ್ಸ್ ಗೆದ್ದದ್ದು ಹೇಗೆ?

ಈ ನಂಬಿಕೆಯನ್ನು ಪರೀಕ್ಷಿಸಲು ಚರಿತ್ರೆಯೇ ಒಂದು ಒಳ್ಳೆಯ ಜೋಡಿಯನ್ನು ಒದಗಿಸಿದೆ. 1985ರಲ್ಲಿ ಅಟಾರಿ ಎಸ್‌ಟಿ ಮತ್ತು ಅಮಿಗಾ ಎರಡೂ ಮಾರುಕಟ್ಟೆಗೆ ಬಂದವು. ಎರಡರಲ್ಲೂ ಇದ್ದದ್ದು ಮೊಟೊರೋಲಾ ಕಂಪನಿಯ 68000 ಎಂಬ ಒಂದೇ ಪ್ರೊಸೆಸರ್. ಅಟಾರಿಯಲ್ಲಿ ಅದು 8 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು, ಯುರೋಪಿನ ಅಮಿಗಾದಲ್ಲಿ 7.09ರಲ್ಲಿ. ಸಂಖ್ಯೆ ನೋಡಿದರೆ ಅಟಾರಿಯೇ ಶೇಕಡ 13ರಷ್ಟು ಮುಂದು.

ಪರದೆಯ ಮೇಲೆ ಆದದ್ದು ಬೇರೆ. ಇಡೀ ಚಿತ್ರವನ್ನು ಪಕ್ಕಕ್ಕೆ ಜಾರಿಸುವ ಸರಳ ಕೆಲಸವನ್ನೇ ತೆಗೆದುಕೊಳ್ಳಿ. ಮೊದಲ ಅಟಾರಿ ಎಸ್‌ಟಿಗಳಲ್ಲಿ ಇದಕ್ಕೆ ಯಂತ್ರಾಂಶದ ಸಹಾಯ ಇರಲಿಲ್ಲ. ಅದರ ಚಿತ್ರದ ಮೆಮೊರಿ 32,000 ಬೈಟ್. ಅಷ್ಟನ್ನೂ ಪ್ರೊಸೆಸರ್ ತಾನೇ ಓದಿ, ತಾನೇ ಹೊಸ ಜಾಗದಲ್ಲಿ ಬರೆಯಬೇಕು. ಅತಿ ವೇಗದ ವಿಧಾನದಲ್ಲೂ ಒಂದು ಬೈಟ್ ಸಾಗಿಸಲು ಸುಮಾರು 4 ಸೈಕಲ್ ಬೇಕು, ಒಟ್ಟು 1,28,000 ಸೈಕಲ್. ಸೆಕೆಂಡಿಗೆ 50 ಚಿತ್ರ ತೋರಿಸುವ ಪರದೆಯಲ್ಲಿ ಒಂದು ಚಿತ್ರಕ್ಕೆ, ಅಂದರೆ ಒಂದು ಫ್ರೇಮಿಗೆ, ಸಿಗುವುದೇ 1,60,256 ಸೈಕಲ್. ಬರೀ ಸ್ಥಳಾಂತರಕ್ಕೇ ಐದರಲ್ಲಿ ನಾಲ್ಕು ಪಾಲು ಖರ್ಚು!

ಅಮಿಗಾದಲ್ಲಿ ಇದೇ ಕೆಲಸಕ್ಕೆ ಡಿಸ್‌ಪ್ಲೇ ಚಿಪ್‌ಗೆ "ಚಿತ್ರವನ್ನು ಇಲ್ಲಿಂದ ಓದಲು ಶುರುಮಾಡು" ಎಂದು ಕೆಲವು ಸಂಖ್ಯೆಗಳನ್ನು ಬದಲಿಸಿ ಹೇಳಿದರೆ ಸಾಕು. ಜೊತೆಗೆ ಅದರಲ್ಲಿ ಬ್ಲಿಟರ್ ಎಂಬ ಭಾಗವಿತ್ತು. ಚಿತ್ರದ ತುಣುಕುಗಳನ್ನು ನಕಲು ಮಾಡುವುದು, ಗೆರೆ ಎಳೆಯುವುದು, ಆಕಾರಗಳ ಒಳಗೆ ಬಣ್ಣ ತುಂಬುವುದು ಅದರ ಕೆಲಸ. ಕಾಪರ್ ಎಂಬ ಇನ್ನೊಂದು ಭಾಗ ಟಿವಿಯ ಕಿರಣ ಯಾವ ಗೆರೆಯಲ್ಲಿದೆ ಎಂದು ಕಾದು ನೋಡಿ, ಅಲ್ಲಿಗೆ ಬಂದ ತಕ್ಷಣ ಬಣ್ಣ ಬದಲಿಸುತ್ತಿತ್ತು. ಅಮಿಗಾ ಡೆಮೊಗಳಲ್ಲಿ ಕಾಣುವ ಕಾಮನಬಿಲ್ಲಿನಂಥ ಪಟ್ಟಿಗಳು ಬಹುಮಟ್ಟಿಗೆ ಕಾಪರ್‌ನ ಕೆಲಸ. ಪ್ರೊಸೆಸರ್ ಆ ಹೊತ್ತಿನಲ್ಲಿ ಬೇರೇನೋ ಮಾಡುತ್ತಿರುತ್ತದೆ.

ನಾರ್ವೆಯ ಸ್ಪೇಸ್‌ಬಾಲ್ಸ್ ತಂಡ 1992ರಲ್ಲಿ ಹೊರತಂದ 'ಸ್ಟೇಟ್ ಆಫ್ ದಿ ಆರ್ಟ್' ಡೆಮೊ ಇದಕ್ಕೆ ಹೆಸರಾಂತ ಉದಾಹರಣೆ. ಸಾಧಾರಣ ಅಮಿಗಾ 500ರಲ್ಲಿ ಒಬ್ಬ ನರ್ತಕಿಯ ನೆರಳಿನಂಥ ಆಕೃತಿ ಸಂಗೀತಕ್ಕೆ ಸರಿಯಾಗಿ ಕುಣಿಯುತ್ತದೆ. ಪ್ರೊಸೆಸರ್ ಆ ನೃತ್ಯವನ್ನು ಲೆಕ್ಕಹಾಕಿ ಹುಟ್ಟಿಸಿದ್ದಲ್ಲ. ನಿಜವಾದ ನೃತ್ಯವನ್ನು ಚಿತ್ರೀಕರಿಸಿ, ಅದರ ಹೊರಗೆರೆಗಳನ್ನಷ್ಟೇ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದರು. ಇದಕ್ಕೆ ಎರಡು ಪಟ್ಟು ವೇಗದ ಪ್ರೊಸೆಸರ್ ಕೊಟ್ಟರೆ ನರ್ತಕಿ ಇನ್ನಷ್ಟು ಚೆನ್ನಾಗಿ ಕುಣಿಯುವುದಿಲ್ಲ.

ಅಟಾರಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಮೂರು ಆಯಾಮದ ಆಕಾರಗಳನ್ನು ತಿರುಗಿಸಿ ತೋರಿಸುವಾಗ ಗುಣಾಕಾರ, ಭಾಗಾಕಾರಗಳೇ ಹೆಚ್ಚು. ಅವನ್ನು ಪ್ರೊಸೆಸರ್ ತಾನೇ ಮಾಡಬೇಕು. ಅಲ್ಲಿ ಆ ಶೇಕಡ 13 ನಿಜಕ್ಕೂ ಉಪಯೋಗಕ್ಕೆ ಬರುತ್ತಿತ್ತು.

ಹಾಗೆಂದು ಬೇರೆ ಬೇರೆ ಜಾತಿಯ ಪ್ರೊಸೆಸರ್‌ಗಳ ಮೆಗಾಹರ್ಟ್ಸ್ ಹೋಲಿಸುವುದೂ ದಾರಿ ತಪ್ಪಿಸುತ್ತದೆ. ಸ್ಪೆಕ್ಟ್ರಮ್‌ನ ಝಡ್80 ಓಡುವುದು 3.5 ಮೆಗಾಹರ್ಟ್ಸ್‌ನಲ್ಲಿ, ಕಮಡೋರ್ 64ರ 6510 ಬರೀ 1ರಲ್ಲಿ. ಆದರೆ ಝಡ್80ಗೆ ಅತಿ ಚಿಕ್ಕ ಆದೇಶಕ್ಕೂ 4 ಸೈಕಲ್ ಬೇಕು, 6510ಗೆ 2 ಸಾಕು. ಮೂರೂವರೆ ಪಟ್ಟಿನ ವ್ಯತ್ಯಾಸ ಅಲ್ಲೇ ಅರ್ಧವಾಯಿತು. ಇನ್ನು ಸ್ಪೆಕ್ಟ್ರಮ್‌ನಲ್ಲಿ 8×8 ಚುಕ್ಕಿಗಳ ಪ್ರತಿ ಚೌಕಕ್ಕೆ ಎರಡೇ ಬಣ್ಣ ಎಂಬ ಮಿತಿ ಇರುವುದು ಡಿಸ್‌ಪ್ಲೇ ವಿನ್ಯಾಸದಲ್ಲಿ. ಪ್ರೊಸೆಸರ್ ವೇಗ ಹೆಚ್ಚಿಸಿದ ಮಾತ್ರಕ್ಕೆ ಒಂದು ಬಣ್ಣವೂ ಹೆಚ್ಚಾಗುವುದಿಲ್ಲ.

ಅಡುಗೆ ಬೇಗ ಆದರೆ ಊಟ ಬೇಗ ಆಗುತ್ತದೆಯೇ?

ಮದುವೆ ಮನೆಯಲ್ಲಿ ಅಡುಗೆಭಟ್ಟರು ಎಷ್ಟೇ ಬೇಗ ಅನ್ನ ಬೇಯಿಸಿದರೂ ಪಂಕ್ತಿಯಲ್ಲಿ ಬಡಿಸುವವರು ಇಬ್ಬರೇ ಇದ್ದರೆ, ಎಲೆಗೆ ಅನ್ನ ಬೀಳುವುದು ಅವರ ವೇಗದಲ್ಲೇ. ಹಳೆಯ ಕಂಪ್ಯೂಟರ್‌ಗಳಲ್ಲಿ ಬಡಿಸುವ ಕೆಲಸ ಮೆಮೊರಿಯದ್ದು. ಪ್ರೊಸೆಸರ್ ಮತ್ತು ಡಿಸ್‌ಪ್ಲೇ ಚಿಪ್ ಎರಡೂ ಒಂದೇ ಮೆಮೊರಿಯನ್ನು ಸರದಿಯ ಮೇಲೆ ಬಳಸುತ್ತವೆ.

ಕಮಡೋರ್ 64ರ ಲೆಕ್ಕವನ್ನೇ ಹಾಕಿ ನೋಡೋಣ. ಯುರೋಪಿನ ಮಾದರಿಯಲ್ಲಿ ಪರದೆಗೆ 312 ಗೆರೆ, ಪ್ರತಿ ಗೆರೆಗೆ 63 ಸೈಕಲ್. ಒಂದು ಫ್ರೇಮಿಗೆ ಒಟ್ಟು 19,656 ಸೈಕಲ್. ಇದರಲ್ಲೇ ಸುಮಾರು ಸಾವಿರವನ್ನು ವಿಐಸಿ-2 ಎಂಬ ಡಿಸ್‌ಪ್ಲೇ ಚಿಪ್ ಪ್ರೊಸೆಸರನ್ನು ನಿಲ್ಲಿಸಿ ತಾನು ಬಳಸಿಕೊಳ್ಳುತ್ತದೆ. ಪೂರ್ಣ ಚಿತ್ರಕ್ಕೆ 8,000 ಬೈಟ್ ಬೇಕು. ಒಂದು ಬೈಟ್ ಓದಿ ಬರೆಯಲು ಕನಿಷ್ಠ 8 ಸೈಕಲ್ ಎಂದರೆ 64,000 ಸೈಕಲ್, ಮೂರು ಫ್ರೇಮಿಗಿಂತ ಹೆಚ್ಚು. (ಈ 8 ಸೈಕಲ್ ಕೂಡ ಸಿಗುವುದು ಪ್ರತಿ ಬೈಟಿಗೂ ಪ್ರತ್ಯೇಕ ಆದೇಶ ಬರೆದಿಟ್ಟರೆ. ಅದಕ್ಕೇ 48,000 ಬೈಟ್ ಬೇಕು, ಯಂತ್ರದ ಒಟ್ಟು ಮೆಮೊರಿ 64 ಕಿಲೋಬೈಟ್. ಯಾರೂ ಹಾಗೆ ಮಾಡುವುದಿಲ್ಲ.)

1990ರ ದಶಕದಲ್ಲಿ ಈ ಯಂತ್ರಕ್ಕೆ ಸೂಪರ್‌ಸಿಪಿಯು ಎಂಬ 20 ಮೆಗಾಹರ್ಟ್ಸ್ ಕಾರ್ಡ್ ಬಂತು. ಇಪ್ಪತ್ತು ಪಟ್ಟು ವೇಗ! ಆದರೆ ಡಿಸ್‌ಪ್ಲೇ ಚಿಪ್ ಓದುವುದು ಹಳೆಯ 1 ಮೆಗಾಹರ್ಟ್ಸ್ ಮೆಮೊರಿಯನ್ನೇ. ಅಲ್ಲಿಗೆ ಒಂದು ಸೈಕಲ್‌ಗೆ ಒಂದೇ ಬೈಟ್ ಬರೆಯಬಹುದು. 8,000 ಬೈಟ್‌ಗೆ ಕನಿಷ್ಠ 8,000 ಹಳೆಯ ಸೈಕಲ್ ಬೇಕೇ ಬೇಕು. ಅಂದರೆ ಚಿತ್ರ ತುಂಬುವ ಕೆಲಸ ಹೆಚ್ಚೆಂದರೆ 8 ಪಟ್ಟು ಬೇಗ ಆದೀತು, 20 ಪಟ್ಟು ಅಲ್ಲ. ಚಿತ್ರ ಏನಿರಬೇಕು ಎಂದು ಯೋಚಿಸುವ ಭಾಗ ಮಾತ್ರ ಪೂರ್ಣ ವೇಗದಲ್ಲಿ ಓಡುತ್ತದೆ.

1985ರ ಕಮಡೋರ್ 128ರಲ್ಲಿ ಈ ತೊಡಕು ಕಣ್ಣಿಗೇ ಕಾಣುತ್ತದೆ. ಅದರ ಪ್ರೊಸೆಸರನ್ನು 2 ಮೆಗಾಹರ್ಟ್ಸ್‌ಗೆ ಏರಿಸಬಹುದು, ಆದರೆ ಏರಿಸಿದರೆ 40 ಕಾಲಂನ ಚಿತ್ರವೇ ಮಾಯ. ವಿಐಸಿ-2 ಚಿಪ್‌ಗೆ ಸೇರಬೇಕಾದ ಮೆಮೊರಿ ಸರದಿಯನ್ನೂ ಪ್ರೊಸೆಸರ್ ತಿಂದುಹಾಕುತ್ತದೆ. ಚಾಣಾಕ್ಷ ಪ್ರೋಗ್ರಾಮರ್‌ಗಳು ಇದಕ್ಕೂ ಉಪಾಯ ಕಂಡುಕೊಂಡರು. ಟಿವಿಯ ಕಿರಣ ಚಿತ್ರದ ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿರುವಾಗ ಮಾತ್ರ ವೇಗ ಏರಿಸಿ, ಚಿತ್ರ ಶುರುವಾಗುವಾಗ ಇಳಿಸುವುದು. ಅಂಚಿನಲ್ಲಿ ಸುಮಾರು 112 ಗೆರೆಗಳಿರುವುದರಿಂದ ಫ್ರೇಮಿಗೆ 7,000ದಷ್ಟು ಸೈಕಲ್ ಹೆಚ್ಚುವರಿಯಾಗಿ ಸಿಗುತ್ತದೆ. ಗಡಿಯಾರ ಎರಡು ಪಟ್ಟು, ಲಾಭ ಮೂರನೇ ಒಂದರಷ್ಟು.

ಎಲ್ಲರೂ ಈ ಬಲೆಯಲ್ಲಿ ಬೀಳಲಿಲ್ಲ. 1981ರ ಬಿಬಿಸಿ ಮೈಕ್ರೊ ಯಂತ್ರದಲ್ಲಿ ಪ್ರೊಸೆಸರ್ 2 ಮೆಗಾಹರ್ಟ್ಸ್, ಮೆಮೊರಿ ಅದರ ಎರಡು ಪಟ್ಟು. ಹಾಗಾಗಿ ಇಬ್ಬರಿಗೂ ಕಾಯದೆ ಸರದಿ ಸಿಗುತ್ತಿತ್ತು. 1984ರಲ್ಲಿ ಶುರುವಾದ ಭಾರತ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಆಯ್ದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ.

15 ಶೇಕಡ ವೇಗದಿಂದ ದುಪ್ಪಟ್ಟು, 50 ಶೇಕಡದಿಂದ ಸೊನ್ನೆ

ಪರದೆ ಸೆಕೆಂಡಿಗೆ 50 ಬಾರಿ ಮಾತ್ರ ಹೊಸದಾಗುತ್ತದೆ. ಅರ್ಧ ಬಿಡಿಸಿದ ಚಿತ್ರ ಕಾಣಬಾರದೆಂದು ಡೆಮೊಗಳು ಸಾಮಾನ್ಯವಾಗಿ ಮುಂದಿನ ಫ್ರೇಮಿನ ಆರಂಭದವರೆಗೆ ಕಾಯುತ್ತವೆ. ಹೀಗಾಗಿ ವೇಗ ಮೆಟ್ಟಿಲುಗಳಲ್ಲಿ ಇಳಿಯುತ್ತದೆ: 50, ಆಮೇಲೆ 25, ಆಮೇಲೆ ಸುಮಾರು 17, ಆಮೇಲೆ 12.5. ನಡುವೆ ಏನೂ ಇಲ್ಲ.

ಒಂದು ದೃಶ್ಯಕ್ಕೆ 1.1 ಫ್ರೇಮಿನಷ್ಟು ಸಮಯ ಬೇಕು ಎಂದುಕೊಳ್ಳಿ. ಅದು 25ರಲ್ಲಿ ಓಡುತ್ತದೆ. ಪ್ರೊಸೆಸರ್ ವೇಗ ಶೇಕಡ 15 ಹೆಚ್ಚಿಸಿದರೆ ಕೆಲಸ ಒಂದು ಫ್ರೇಮಿನೊಳಗೆ ಮುಗಿದು ನೇರ 50ಕ್ಕೆ ಜಿಗಿಯುತ್ತದೆ, ನೋಡುವವರಿಗೆ ಯಂತ್ರವೇ ಬದಲಾದಂತೆ. ಇನ್ನೊಂದು ದೃಶ್ಯಕ್ಕೆ 1.9 ಫ್ರೇಮ್ ಬೇಕು. ವೇಗ ಶೇಕಡ 50 ಹೆಚ್ಚಿಸಿದರೂ 1.27 ಫ್ರೇಮ್ ಆಗಿ, ಮತ್ತೆ ಅದೇ 25. ಒಂದೇ ಕಾರ್ಡ್ ಬಗ್ಗೆ ಒಬ್ಬರು "ಅದ್ಭುತ" ಎಂದರೆ ಇನ್ನೊಬ್ಬರು "ಏನೂ ಪ್ರಯೋಜನವಿಲ್ಲ" ಎನ್ನುವುದಕ್ಕೆ ಇದೂ ಒಂದು ಕಾರಣ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲೇ 50ರಲ್ಲಿ ನುಣುಪಾಗಿ ಓಡುತ್ತಿರುವ ಡೆಮೊಗಂತೂ ಇನ್ನು ಏರಲು ಮೆಟ್ಟಿಲೇ ಇಲ್ಲ.

ವೇಗ ಹೆಚ್ಚಿದಾಗ ಚಿತ್ರ ಕೆಡುವುದೇಕೆ?

ಕಮಡೋರ್ 64ರ ಪರದೆಯ ಸುತ್ತ ಒಂದು ಖಾಲಿ ಅಂಚು ಇರುತ್ತದೆ. ಅಲ್ಲಿ ಚಿತ್ರ ಬರಬಾರದು ಎಂಬುದು ವಿನ್ಯಾಸಕಾರರ ಉದ್ದೇಶ. ಆದರೆ ಡಿಸ್‌ಪ್ಲೇ ಚಿಪ್ ಅಂಚನ್ನು ಶುರುಮಾಡಬೇಕಾದ ಸರಿಯಾದ ಕ್ಷಣದಲ್ಲಿ ಅದರ ಒಂದು ಸೆಟ್ಟಿಂಗ್ ಬದಲಿಸಿದರೆ ಅಂಚು ಹಾಕುವುದನ್ನೇ ಅದು ಮರೆಯುತ್ತದೆ. ಪಕ್ಕದ ಅಂಚುಗಳನ್ನು ತೆರೆಯಲು ಪ್ರತಿ ಗೆರೆಯಲ್ಲೂ ನಿಗದಿತ ಒಂದೇ ಸೈಕಲ್‌ನಲ್ಲಿ ಇದನ್ನು ಮಾಡಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಹೆಚ್ಚುಕಮ್ಮಿಯಾದರೂ ಕೆಲಸ ಕೆಟ್ಟಿತು. ಅಟಾರಿ ಎಸ್‌ಟಿಯಲ್ಲೂ ಪರದೆಯ ಆವರ್ತನವನ್ನು 50ರಿಂದ 60ಕ್ಕೆ, ಮತ್ತೆ 50ಕ್ಕೆ ಸರಿಯಾದ ಕ್ಷಣದಲ್ಲಿ ಬದಲಿಸಿ ಅಂಚು ತೆಗೆಯುವ ತಂತ್ರ ಇತ್ತು.

ಇಂಥ ಪ್ರೋಗ್ರಾಮ್‌ಗಳನ್ನು ಬರೆಯುವವರು ಪ್ರತಿ ಆದೇಶಕ್ಕೆ ಎಷ್ಟು ಸೈಕಲ್ ಎಂದು ಬೆರಳೆಣಿಸಿ ಬರೆಯುತ್ತಾರೆ, ಕಾಯಬೇಕಾದಲ್ಲಿ ಏನೂ ಮಾಡದ ಆದೇಶಗಳನ್ನು ತುಂಬುತ್ತಾರೆ. ಪ್ರೊಸೆಸರ್ ವೇಗ ಬದಲಾದರೆ ಆ ಎಣಿಕೆಯೆಲ್ಲ ತಪ್ಪುತ್ತದೆ. ಸೂಪರ್‌ಸಿಪಿಯುಗೆ ಅದರ ತಯಾರಕರೇ ಹಳೆಯ ವೇಗಕ್ಕೆ ಮರಳುವ ಸ್ವಿಚ್ ಇಟ್ಟಿದ್ದರು. ಹಳೆಯ ಪಿಸಿ ಕ್ಯಾಬಿನೆಟ್‌ಗಳ ಮೇಲಿದ್ದ ಟರ್ಬೊ ಬಟನ್ ನೆನಪಿದೆಯೇ? ಹೆಸರು ಟರ್ಬೊ ಆದರೂ ಅದರ ಅಸಲಿ ಉಪಯೋಗ, ಹಳೆಯ ಪ್ರೋಗ್ರಾಮ್‌ಗಳಿಗಾಗಿ ಯಂತ್ರವನ್ನು ನಿಧಾನಗೊಳಿಸುವುದೇ ಆಗಿತ್ತು.

ಅಮಿಗಾದಲ್ಲಿ ಇನ್ನೊಂದು ಬಗೆಯ ಎಡವಟ್ಟು. ಬ್ಲಿಟರ್‌ಗೆ ಒಂದು ಕೆಲಸ ಕೊಟ್ಟು, ಅದು ಮುಗಿಯಿತೇ ಎಂದು ನೋಡಿ ಮುಂದಿನದನ್ನು ಕೊಡಬೇಕು. ಹಳೆಯ ಪ್ರೊಸೆಸರ್ ನಿಧಾನವಾದ್ದರಿಂದ ಕೆಲವರು ಆ ತಪಾಸಣೆಯನ್ನೇ ಬಿಟ್ಟಿದ್ದರು. "ಅಷ್ಟರಲ್ಲಿ ಮುಗಿದಿರುತ್ತದೆ" ಎಂಬ ಭರವಸೆ. ವೇಗದ ಪ್ರೊಸೆಸರ್ ಹಾಕಿದರೆ ಹಿಂದಿನ ಕೆಲಸ ಮುಗಿಯುವ ಮೊದಲೇ ಹೊಸ ಆದೇಶ ಬಂದು ಬೀಳುತ್ತದೆ, ಪರದೆ ಕಲಸುಮೇಲೋಗರ. ಇಂಥ ಹಳೆಯ ಡೆಮೊ, ಗೇಮ್‌ಗಳನ್ನು ತಿದ್ದಿ ವೇಗದ ಅಮಿಗಾಗಳಲ್ಲಿ ಓಡಿಸಲೆಂದೇ ಡಬ್ಲ್ಯುಎಚ್‌ಡಿಲೋಡ್ ಎಂಬ ತಂತ್ರಾಂಶ ಇದೆ.

ಈ ವಾದಕ್ಕೆ ಅತಿ ಗಟ್ಟಿ ಸಾಕ್ಷಿ 2015ರದ್ದು. ಜರ್ಮನಿಯ ರಿವಿಷನ್ ಕೂಟದಲ್ಲಿ ಹಳೆಯ ಯಂತ್ರಗಳ ವಿಭಾಗವನ್ನು ಗೆದ್ದ '8088 ಎಂಪಿಎಚ್' ಡೆಮೊ ಓಡಿದ್ದು 1981ರ ಐಬಿಎಂ ಪಿಸಿಯಲ್ಲಿ, 4.77 ಮೆಗಾಹರ್ಟ್ಸ್ ಪ್ರೊಸೆಸರ್ ಮೇಲೆ. ಗರಿಷ್ಠ 16 ಬಣ್ಣ ಎಂದು ಎಲ್ಲರೂ ತಿಳಿದಿದ್ದ ಸಿಜಿಎ ಕಾರ್ಡಿನಿಂದ, ಟಿವಿ ಸಂಕೇತದ ಗುಣಗಳನ್ನು ಬಳಸಿಕೊಂಡು 1,024 ಬಣ್ಣ ತೆಗೆದು ತೋರಿಸಿದರು. ಆ ಕಾಲದ ಎಮ್ಯುಲೇಟರ್‌ಗಳು ಅದನ್ನು ಸರಿಯಾಗಿ ಓಡಿಸಲಾರದೆ ಸೋತವು. ಅದಕ್ಕಿಂತ ಸಾವಿರ ಪಟ್ಟು ವೇಗದ ಪಿಸಿ ನಿಮ್ಮ ಮೇಜಿನ ಮೇಲಿದ್ದರೂ ಈ ಡೆಮೊಗೆ ಪ್ರಯೋಜನವಿಲ್ಲ. ಅದಕ್ಕೆ ಬೇಕಿರುವುದು ಆ ನಿಧಾನದ, ಸೈಕಲ್ ಲೆಕ್ಕ ತಪ್ಪದ ಯಂತ್ರವೇ.

ಹಾಗಾದರೆ ವೇಗದಿಂದ ಲಾಭ ಎಲ್ಲಿ?

1990ರ ದಶಕದ ಪಿಸಿಯಲ್ಲಿ. ವಿಜಿಎ ಕಾರ್ಡ್‌ಗೆ ಬ್ಲಿಟರ್ ಇಲ್ಲ, ಕಾಪರ್ ಇಲ್ಲ. ಅದು ಬರೀ ಚುಕ್ಕಿಗಳ ಹಲಗೆ. 320×200 ಚುಕ್ಕಿಗಳ ಸಾಮಾನ್ಯ ಮೋಡ್‌ನಲ್ಲಿ 64,000 ಬೈಟ್, ಒಂದು ಚುಕ್ಕಿಗೆ ಒಂದು ಬೈಟ್. ಪ್ರತಿ ಚುಕ್ಕಿಯನ್ನೂ ಪ್ರೊಸೆಸರೇ ಲೆಕ್ಕಹಾಕಿ ಬರೆಯಬೇಕು. ಫಿನ್ಲೆಂಡಿನ ಫ್ಯೂಚರ್ ಕ್ರೂ ತಂಡ 1993ರ ಅಸೆಂಬ್ಲಿ ಕೂಟದಲ್ಲಿ ಗೆದ್ದ 'ಸೆಕೆಂಡ್ ರಿಯಾಲಿಟಿ' ಇಂಥದ್ದು. ಇದರ ದೃಶ್ಯಗಳು 386ಕ್ಕಿಂತ 486ರಲ್ಲಿ ಎದ್ದು ಕಾಣುವಷ್ಟು ನುಣುಪು. ಇಲ್ಲೂ ಬಡಿಸುವವರ ಸಮಸ್ಯೆ ತಪ್ಪಲಿಲ್ಲ: ಒಂದೇ 486 ಪ್ರೊಸೆಸರ್ ಇದ್ದರೂ ಹಳೆಯ ಐಎಸ್‌ಎ ಸ್ಲಾಟಿನ ವಿಡಿಯೊ ಕಾರ್ಡಿಗಿಂತ ಲೋಕಲ್ ಬಸ್ ಕಾರ್ಡ್ ಹಾಕಿದವರಿಗೆ ಹೆಚ್ಚು ಫ್ರೇಮ್ ಸಿಗುತ್ತಿತ್ತು. ಕುತೂಹಲಕ್ಕೆ ಹೇಳಬೇಕೆಂದರೆ, 1997ರಲ್ಲಿ ಸ್ಮ್ಯಾಶ್ ಡಿಸೈನ್ಸ್ ತಂಡ ಈ ಡೆಮೊದ ದೃಶ್ಯಗಳನ್ನು ಹೋಲುವ ಆವೃತ್ತಿಯನ್ನು 1 ಮೆಗಾಹರ್ಟ್ಸ್‌ನ ಕಮಡೋರ್ 64ಕ್ಕೇ ಬರೆದುಬಿಟ್ಟಿತು. ಚುಕ್ಕಿಗಳು ದಪ್ಪ, ಬಣ್ಣ ಕಡಿಮೆ, ಆದರೂ ಗುರುತು ಸಿಗುತ್ತದೆ.

ಅಮಿಗಾದವರೂ ಚುಕ್ಕಿ ಚುಕ್ಕಿಯಾಗಿ ಲೆಕ್ಕಹಾಕುವ ಸುರಂಗ, ಮೇಲ್ಮೈಗೆ ಚಿತ್ರ ಹೊದಿಸಿದ ವಸ್ತುಗಳಂಥ ದೃಶ್ಯಗಳ ಕಡೆ ಹೊರಳಿದಾಗ ವೇಗದ ಪ್ರೊಸೆಸರ್ ಅನಿವಾರ್ಯವಾಯಿತು. 1992ರ ಅಮಿಗಾ 1200ರಲ್ಲಿ 14 ಮೆಗಾಹರ್ಟ್ಸ್‌ನ 68020 ಇತ್ತು. ಅದಕ್ಕೆ 50 ಮೆಗಾಹರ್ಟ್ಸ್‌ನ 68030 ಅಥವಾ 68060 ಕಾರ್ಡ್ ಹಾಕಿದರೆ ಈ ಬಗೆಯ ಡೆಮೊಗಳು ನಿಜಕ್ಕೂ ಬೇರೆಯೇ ಆಗಿ ಕಾಣುತ್ತವೆ. ಅವನ್ನು ಬರೆದದ್ದೇ ಆ ಕಾರ್ಡ್‌ಗಳಿಗಾಗಿ. ಆದರೆ ಡಿಸ್‌ಪ್ಲೇ ಚಿಪ್ ಓದುವ ಚಿಪ್ ರ‍್ಯಾಮ್‌ಗೆ ಪ್ರೊಸೆಸರ್ ಬರೆಯಬಲ್ಲದ್ದು ಸೆಕೆಂಡಿಗೆ ಸುಮಾರು 7 ಮೆಗಾಬೈಟ್. 256 ಬಣ್ಣಗಳ 320×256 ಚಿತ್ರಕ್ಕೆ 81,920 ಬೈಟ್. ಅದನ್ನು ಬರೆಯುವುದಕ್ಕೇ ಒಂದು ಫ್ರೇಮಿನ 20 ಮಿಲಿಸೆಕೆಂಡಿನಲ್ಲಿ ಹೆಚ್ಚುಕಡಿಮೆ 12 ಹೋಗುತ್ತದೆ. ರಾಸ್ಪ್‌ಬೆರಿ ಪೈ ಬಳಸುವ ಇತ್ತೀಚಿನ ಪೈಸ್ಟಾರ್ಮ್ ಹಾಕಿದರೂ, ಅಮಿಗಾದ ಮೂಲ ಚಿಪ್‌ಗಳ ಮೂಲಕ ಚಿತ್ರ ತೋರಿಸುವವರೆಗೆ ಈ ಬಾಗಿಲು ಅಗಲವಾಗುವುದಿಲ್ಲ.

ನಮ್ಮ ಸಲಹೆ ಕೇಳಿದರೆ, ಅಮಿಗಾ 1200 ಇರುವವರು ದುಬಾರಿ ಪ್ರೊಸೆಸರ್ ಕಾರ್ಡಿಗೆ ಮೊದಲು ಫಾಸ್ಟ್ ರ‍್ಯಾಮ್ ಸೇರಿಸಿ ನೋಡಬೇಕು. ಇದು ಡಿಸ್‌ಪ್ಲೇ ಚಿಪ್ ಮುಟ್ಟದ, ಪ್ರೊಸೆಸರಿಗೇ ಮೀಸಲಾದ ಮೆಮೊರಿ. ಪ್ರೊಸೆಸರ್ ಅದೇ, ಮೆಗಾಹರ್ಟ್ಸ್ ಅದೇ, ಆದರೂ ಲೆಕ್ಕದ ಕೆಲಸಗಳು ಸುಮಾರು ಎರಡು ಪಟ್ಟು ಬೇಗ ಆಗುತ್ತವೆ.

ಹಣ ಖರ್ಚು ಮಾಡದೆ ಪರೀಕ್ಷಿಸುವುದು ಹೇಗೆ?

ಎಮ್ಯುಲೇಟರ್‌ನಲ್ಲಿ ಮಾಡಬಹುದು. ಅಮಿಗಾಕ್ಕೆ ವಿನ್‌ಯುಎಇ ಇದೆ. ಅದರಲ್ಲಿ ಪ್ರೊಸೆಸರನ್ನು 68000ರಿಂದ 68060ರವರೆಗೆ ಬದಲಿಸಿ, ಉಳಿದ ಸೆಟ್ಟಿಂಗ್ ಹಾಗೇ ಬಿಟ್ಟು ಒಂದೇ ಡೆಮೊವನ್ನು ಎರಡು ಸಲ ನೋಡಿ. ಕಮಡೋರ್ 64ಕ್ಕೆ ವೈಸ್ ಎಂಬ ಎಮ್ಯುಲೇಟರ್ ಇದೆ, ಅದರ ಜೊತೆಗೇ ಸೂಪರ್‌ಸಿಪಿಯು ಇರುವ ಯಂತ್ರದ ಪ್ರತ್ಯೇಕ ಪ್ರೋಗ್ರಾಮ್ ಬರುತ್ತದೆ. ವೈಸ್‌ನ ವಾರ್ಪ್ ಮೋಡ್ ಒತ್ತಿ "ವೇಗ ಹೆಚ್ಚಿಸಿದೆ" ಎಂದುಕೊಳ್ಳಬೇಡಿ. ಅದು ಪ್ರೊಸೆಸರ್, ಡಿಸ್‌ಪ್ಲೇ, ಸಂಗೀತ ಎಲ್ಲವನ್ನೂ ಒಟ್ಟಿಗೆ ಓಡಿಸುತ್ತದೆ, ಕ್ಯಾಸೆಟ್ಟನ್ನು ಫಾಸ್ಟ್ ಫಾರ್ವರ್ಡ್ ಮಾಡಿದಂತೆ. ಪರೀಕ್ಷೆಗೆ ಮೊದಲು ಡೆಮೊ ಜೊತೆಗೆ ಟಿಪ್ಪಣಿ ಕಡತ ಇದೆಯೇ ನೋಡಿ. ಯಾವ ಯಂತ್ರ, ಯಾವ ಪ್ರೊಸೆಸರ್, ಎಷ್ಟು ಮೆಮೊರಿ ಬೇಕು ಎಂದು ಬರೆದವರು ಸಾಮಾನ್ಯವಾಗಿ ಅದರಲ್ಲೇ ಹೇಳಿರುತ್ತಾರೆ. ಅಮಿಗಾ 500ಕ್ಕೆ ಎಂದಿದ್ದರೆ ಮೊದಲ ಸಲ ಆ ಯಂತ್ರದ ಸೆಟ್ಟಿಂಗ್‌ನಲ್ಲೇ ನೋಡಿ, ಆಮೇಲೆ ವೇಗ ಏರಿಸಿ.